ಪರಿಚಯ ಇಲ್ಲದವರ ಕಥೆ ಯಾರು ಹಾಕ್ತಾರೆ?

ಪ್ರಶ್ನೆ: ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಗುತ್ತಿಗೆ ನೌಕರ. ರಾತ್ರಿ ಪಾಳಿ ಮುಗಿಸಿ ಬಂದು ಕಥೆ ಬರೆಯುತ್ತೇನೆ. ಭಾನುವಾರದ ಪುರವಣಿಯೊಂದಕ್ಕೆ ಕಳಿಸಿದ ಕಥೆಗಳಿಗೆ ಹೂಂ ಇಲ್ಲ, ಉಹೂಂ ಇಲ್ಲ. ಬೆಂಗಳೂರಲ್ಲಿ ಪರಿಚಯ ಇಲ್ಲದೆ ಆಗಲ್ಲ ಅಂತಾರೆ ಗೆಳೆಯರು. ದುಡ್ಡು ಕೊಟ್ಟರೆ ಸಂಕಲನಕ್ಕೆ ಸೇರಿಸ್ತೀವಿ ಅಂತ ಒಬ್ಬರು ಕೇಳ್ತಿದ್ದಾರೆ. ಕೊಡಲೇ? ಒಂದು ಕಥೆ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಹರಿಹರ

ಉತ್ತರ: ಕೊಡಬೇಡಿ. ಕಥೆ ಅಚ್ಚಾದರೆ ಬರೆದವನಿಗೆ ಅಷ್ಟೋ ಇಷ್ಟೋ ಗೌರವಧನ ಬರಬೇಕೇ ಹೊರತು ಅವನ ಜೇಬಿನಿಂದ ಹೋಗಬಾರದು. ಅಂಥ ಸಂಕಲನಗಳನ್ನು ಕೊಳ್ಳುವವರು ಹೆಚ್ಚಾಗಿ ಅದರಲ್ಲಿ ಬರೆದವರೇ.

ಪರಿಚಯ ಎಲ್ಲೂ ನಡೆಯುವುದಿಲ್ಲ ಎಂದು ನಾನು ಆಣೆ ಮಾಡಲಾರೆ. ಆದರೆ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಕಡೆ ಹೊಸಬರು ಬಹುಮಾನ ಪಡೆದದ್ದುಂಟು. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಹೆಸರು, ವಿಳಾಸವನ್ನು ಬೇರೆ ಹಾಳೆಯಲ್ಲೇ ಕೇಳುತ್ತಾರೆ. ಪ್ರಕಟಣೆ ಬಂದಾಗ ನಿಯಮಗಳನ್ನು ಪೂರ್ತಿ ಓದಿ.

ನೀವು ಒಂದೇ ಪುರವಣಿ ನಂಬಿ ಕೂತಿದ್ದೀರಿ. 1968ರಿಂದ ಬರುತ್ತಿರುವ ‘ಮಯೂರ’ ಇದೆ, ಹುಬ್ಬಳ್ಳಿಯಲ್ಲಿ 1956ರಲ್ಲಿ ಶುರುವಾದ ‘ಕಸ್ತೂರಿ’ ಇದೆ. ಮಣಿಪಾಲದ ‘ತರಂಗ’, ‘ತುಷಾರ’, ಟಿ.ಎಸ್. ಗೊರವರ ಅವರ ‘ಅಕ್ಷರ ಸಂಗಾತ’ ಇವೆ. ದಾವಣಗೆರೆಯದೇ ‘ಜನತಾವಾಣಿ’ಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಹಿರಿಯರನ್ನು ಕೇಳಿದರೆ ‘ಸಾಕ್ಷಿ’, ‘ರುಜುವಾತು’ ಎನ್ನುತ್ತಾರೆ. ಅವು ನಿಂತು ಕಾಲವಾಯಿತು; 2005ರಲ್ಲಿ ಬಂದು ಹೆಸರು ಮಾಡಿದ ‘ದೇಶಕಾಲ’ವೂ ನಿಂತಿದೆ. ಆದ್ದರಿಂದ ವಿಳಾಸದ ಪಟ್ಟಿಗಿಂತ ಈ ತಿಂಗಳ ಸಂಚಿಕೆಯನ್ನು ನಂಬಿ. ವಾರದ ರಜೆಯಲ್ಲಿ ದಾವಣಗೆರೆಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಪ್ರತಿಯೊಂದರ ಕೊನೆಯ ಎರಡು ಮೂರು ಸಂಚಿಕೆ ಓದಿ. ಸಂಪಾದಕರ ಹೆಸರು, ವಿಳಾಸ, ಇ–ಮೇಲ್ ಪರಿವಿಡಿಯ ಆಸುಪಾಸಿನಲ್ಲಿ ಸಣ್ಣಕ್ಷರದಲ್ಲಿರುತ್ತವೆ. ಅಲ್ಲಿ ಬರುವ ಕಥೆಗಳ ಉದ್ದವನ್ನೂ ನೋಡಿಕೊಳ್ಳಿ. ಹನ್ನೆರಡು ಪುಟದ ಕಥೆಯನ್ನು ಒಂದು ಪುಟದ ಜಾಗಕ್ಕೆ ಕಳಿಸಿದರೆ ಯಾವ ಪರಿಚಯವೂ ನೆರವಿಗೆ ಬಾರದು.

ನಿಮ್ಮ ಕಥೆ ಓದಿದೆ. ಮೊದಲ ಎರಡು ಪುಟ ಬರೀ ತುಂಗಭದ್ರೆಯ ಮೇಲಿನ ಸೂರ್ಯೋದಯ. ಮೂರನೆಯ ಪುಟದಲ್ಲಿ ಮೇಸ್ತ್ರಿ ರಜೆಯಲ್ಲಿದ್ದವನ ಹೆಸರಿಗೆ ಹಾಜರಿ ಹಾಕುತ್ತಾನಲ್ಲ, ಕಥೆ ಇರುವುದು ಅಲ್ಲಿ. ಅಲ್ಲಿಂದಲೇ ಶುರುಮಾಡಿ. ಇನ್ನೊಂದು: ಆ ಮೇಸ್ತ್ರಿ ‘ನೀನು ಎಲ್ಲಿಗೆ ಹೋಗುತ್ತಿರುವೆ?’ ಎಂದು ಕೇಳುತ್ತಾನೆ. ಹರಿಹರದಲ್ಲಿ ಯಾವ ಮೇಸ್ತ್ರಿ ಹಾಗೆ ಮಾತಾಡ್ತಾನೆ ಹೇಳಿ?

ಮೊಬೈಲಿನಲ್ಲೇ ಟೈಪ್ ಮಾಡಿದರೂ ಸಾಕು, ಅದು ಯೂನಿಕೋಡ್ ಆಗಿರುತ್ತದೆ. ‘ನುಡಿ’ಯಲ್ಲಿ ಮಾಡಿಸಿದ್ದರೆ ಹಾಗೆಂದು ತಿಳಿಸಿ. ಕೈಬರಹದ ಫೋಟೊ ಮಾತ್ರ ಕಳಿಸಬೇಡಿ. ಒಂದು ಕಥೆ ಒಂದು ಹೊತ್ತಿಗೆ ಒಂದೇ ಪತ್ರಿಕೆಗೆ. ಮೂರು ತಿಂಗಳು ಸದ್ದಿಲ್ಲದಿದ್ದರೆ ‘ಕಥೆ ಹಿಂಪಡೆಯುತ್ತಿದ್ದೇನೆ’ ಎಂದು ಎರಡು ಸಾಲು ಬರೆದು ಇನ್ನೊಂದಕ್ಕೆ ಕಳಿಸಿ.

ಒಂದು ಪುಸ್ತಕಕ್ಕಾಗುವಷ್ಟು ಕಥೆ ಕೂಡಿದಾಗ, ಮೊದಲ ಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕದವರು ಕೊಡುವ ಬಹುಮಾನದ ಕಡೆ ನೋಡಬಹುದು. ಅದು ಮುಂದಿನ ಮಾತು. ಸದ್ಯಕ್ಕೆ ಮೇಸ್ತ್ರಿಯ ಕಥೆ ತಿದ್ದಿ ‘ಮಯೂರ’ಕ್ಕೆ ಕಳಿಸಿ.