ಬಾಗಿಲ ಚೌಕಟ್ಟಿನ ಗೆರೆ

ರಾಯಚೂರು ಸೀಮೆಯ ಬಾಗಲವಾಡದ ಒಂದು ಮನೆಯ ನಡುಮನೆ ಬಾಗಿಲ ಚೌಕಟ್ಟಿನ ಮೇಲೆ ಎರಡು ದಪ್ಪ ಗೆರೆಗಳಿವೆ. ಕೆಳಗಿನದು ನೆಲದಿಂದ 85 ಸೆಂಟಿಮೀಟರಿಗೆ, ಮೇಲಿನದು 140ಕ್ಕೆ. ಹೊಲಿಗೆಯ ಟೇಪು ಹಿಡಿದು ಸೀಸದ ಕಡ್ಡಿಯಲ್ಲಿ ಎಳೆದ ಗೆರೆಗಳವು. ಅವುಗಳ ನಡುವೆ ಸಣ್ಣ ಸಣ್ಣ ಗೀಟುಗಳು, ಪಕ್ಕದಲ್ಲಿ ತಿಂಗಳು, ವರ್ಷ. ಹೊಸಬರು ನೋಡಿದರೆ ಮಕ್ಕಳ ಬೆಳವಣಿಗೆಯ ಗುರುತು ಅಂದುಕೊಳ್ಳುತ್ತಾರೆ. ಅದು ಹೌದು, ಜೊತೆಗೆ ಟಿಕೆಟ್ಟಿನ ಲೆಕ್ಕವೂ ಹೌದು.

ಈ ಅಂಕಣ ಬರೆಯುವಾಕೆಯ ಮನೆ ಅದು. ಹಗಲು ರವಿಕೆ ಹೊಲಿಯುವುದು, ರಾತ್ರಿ ಮನೆಯ ಜಮಾ ಖರ್ಚು ಬರೆಯುವುದು ಆಕೆಯ ರೂಢಿ. ಗಂಡನಿಗೆ ಕಾಲುವೆ ನೀರಿನ ಸ್ವಲ್ಪ ಭತ್ತದ ಗದ್ದೆ, ಸ್ವಲ್ಪ ಹತ್ತಿ ಹೊಲ. ಮಗಳು, ಮಗ, ಅತ್ತೆ ಸೇರಿ ಐದು ಜನ. 2023ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ ಬಂದ ಒಂದು ಭಾನುವಾರ, ಈ ಐವರೂ ನೆಂಟರ ಆರು ಜನರೂ ಕ್ರೂಸರ್ ಗಾಡಿ ಮಾಡಿಕೊಂಡು ಹೈದರಾಬಾದಿನ ಹೊರವಲಯದ ಒಂದು ಮನರಂಜನಾ ಪಾರ್ಕಿಗೆ ಹೋಗಿ ಬಂದರು. ಅವರಲ್ಲಿ ಯಾರೂ ಅಂಥ ಜಾಗ ಅದಕ್ಕೆ ಮುಂಚೆ ನೋಡಿರಲಿಲ್ಲ.

ಮನೆಯಲ್ಲಿ ಕೂತು ಹಾಕಿದ ಅಂದಾಜು 9,000 ರೂಪಾಯಿ. ಟಿಕೆಟ್ಟಿಗೆ 5,000, ಗಾಡಿಯ ಪಾಲು 3,500, ಕೈಖರ್ಚಿಗೆ 500. ತಿರುಗಿ ಬಂದು ವಹಿ ತೆಗೆದು ಬರೆದಾಗ ಮೊತ್ತ 15,400 ಆಗಿತ್ತು. ಟಿಕೆಟ್ 5,600, ಗಾಡಿ 3,500, ಟೋಲು ಮತ್ತು ಪಾರ್ಕಿಂಗ್ ಪಾಲು 600, ನೀರಾಟದ ಬಟ್ಟೆ 1,650, ಮಧ್ಯಾಹ್ನದ ಊಟ, ಚಹಾ, ನೀರಿನ ಬಾಟಲಿ 2,100, ಲಾಕರ್ ಇತ್ಯಾದಿ 300, ಆಟಿಕೆ ಮತ್ತು ಫೋಟೊ 750, ಬರುವಾಗ ದಾರಿಯ ಧಾಬಾದಲ್ಲಿ ರಾತ್ರಿ ಊಟ 900.

ಕಡಿಮೆ ಬಿದ್ದ 6,400 ರೂಪಾಯಿಯನ್ನು ಗಂಡ ಅಲ್ಲಿಂದಲೇ ಊರಿಗೆ ಫೋನು ಮಾಡಿ ಪರಿಚಯದವರ ಹತ್ತಿರ ಹಾಕಿಸಿಕೊಂಡ. ಬಡ್ಡಿ ನೂರಕ್ಕೆ ಮೂರು, ಅಂದರೆ ತಿಂಗಳಿಗೆ 192 ರೂಪಾಯಿ. ಬೇಸಿಗೆ ಬೆಳೆಯ ಭತ್ತ ಮಾರಿ ಮೇ ತಿಂಗಳಲ್ಲಿ ಸಾಲ ತೀರಿಸುವ ಹೊತ್ತಿಗೆ ಬಡ್ಡಿಯೇ 768 ಆಗಿತ್ತು. ನೂರಕ್ಕೆ ಮೂರು ಅಂದರೆ ಬಾಯಿಗೆ ಸಣ್ಣದಾಗಿ ಕೇಳಿಸುತ್ತದೆ, ವರ್ಷಕ್ಕೆ ಅದು ಶೇಕಡಾ 36. ಒಂದು ದಿನದ ಆಟಕ್ಕೆ ನಾಲ್ಕು ತಿಂಗಳು ಬಡ್ಡಿ ಕಟ್ಟಿದ್ದು ಆಕೆಯನ್ನು ಬಹಳ ದಿನ ಕಾಡಿತು.

ಆ ಪಟ್ಟಿಯನ್ನು ಆಕೆ ಹಲವು ಸಲ ಓದಿದಳು. ತಪ್ಪಿದ್ದು ಟಿಕೆಟ್ಟಿನ ಅಂದಾಜಲ್ಲ, ಅದರಲ್ಲಿ ವ್ಯತ್ಯಾಸ ಬಂದದ್ದು ಬರೀ 600 ರೂಪಾಯಿ. ಒಟ್ಟು ಖರ್ಚಿನಲ್ಲಿ ಟಿಕೆಟ್ಟಿನ ಪಾಲು ನೂರಕ್ಕೆ 36 ಮಾತ್ರ. ಮಿಕ್ಕ ಹಣ ಸೋರಿದ್ದು ಆ ಜಾಗದ ಕಟ್ಟಳೆ ಗೊತ್ತಿಲ್ಲದ್ದರಿಂದ.

ಗೊತ್ತಿಲ್ಲದ್ದಕ್ಕೂ ಕಾರಣವಿದೆ. ಈ ಸೀಮೆಯ ಜನಕ್ಕೆ ಆಟ ಅಂದರೆ ಜಾತ್ರೆ. ದೇವಸೂಗೂರಿನ ಸೂಗೂರೇಶ್ವರ ಜಾತ್ರೆಯಿರಲಿ, ಊರೂರಿನ ಸಣ್ಣ ಜಾತ್ರೆಯಿರಲಿ, ತೊಟ್ಟಿಲು ಹತ್ತಿದರೆ ತೊಟ್ಟಿಲಿಗೆ ದುಡ್ಡು, ಕುದುರೆ ಏರಿದರೆ ಕುದುರೆಗೆ ದುಡ್ಡು. ಕಿಸೆ ಖಾಲಿಯಾದರೆ ಮನೆಯ ದಾರಿ. ಮಿರ್ಚಿ, ಮಂಡಾಳು ಊರಿನ ದರಕ್ಕೇ ಸಿಗುತ್ತವೆ. ಪಾರ್ಕಿನ ವ್ಯವಹಾರ ಇದಕ್ಕೆ ಪೂರ್ತಿ ಉಲ್ಟಾ: ಬಾಗಿಲಲ್ಲೇ ಇಡೀ ದಿನದ್ದು ಕಟ್ಟಬೇಕು, ಒಳಗೆ ಎಷ್ಟು ಆಟ ಆಡಿದರೂ ಅಷ್ಟೇ. ಅಮೆರಿಕದ ಡಿಸ್ನಿಲ್ಯಾಂಡ್ ಕೂಡ 1955ರಲ್ಲಿ ತೆರೆದ ಹೊಸದರಲ್ಲಿ ಜಾತ್ರೆಯ ಪದ್ಧತಿಯಲ್ಲೇ ಇತ್ತು. ಒಂದೊಂದು ಆಟಕ್ಕೆ ಒಂದೊಂದು ಚೀಟಿ ಹರಿದುಕೊಡುವ ಪುಸ್ತಕ ಮಾರುತ್ತಿದ್ದರು. 1982ರಲ್ಲಿ ಅದನ್ನು ಬಿಟ್ಟು ದಿನಕ್ಕೊಂದೇ ಟಿಕೆಟ್ ಮಾಡಿದರು. ನಮ್ಮ ದೇಶದಲ್ಲಿ ದಿಲ್ಲಿಯ ಅಪ್ಪು ಘರ್ 1984ರಲ್ಲಿ, ಮುಂಬೈಯ ಎಸೆಲ್‌ವರ್ಲ್ಡ್ 1989ರಲ್ಲಿ ಬಂದವು. ಬಿಡದಿಯ ವಂಡರ್‌ಲಾ 2005ರಲ್ಲಿ, ಹೈದರಾಬಾದ್ ಹೊರವಲಯದ ರಾವಿರಾಲದಲ್ಲಿ ಅದೇ ಕಂಪನಿಯ ಪಾರ್ಕು 2016ರಲ್ಲಿ ತೆರೆದವು.

ಷೇರು ಪೇಟೆಯಲ್ಲಿರುವ ಕಂಪನಿಯಾದ್ದರಿಂದ ವಂಡರ್‌ಲಾದ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಓದಬಹುದು. ಅದರಲ್ಲಿ ಟಿಕೆಟ್ಟಿನಿಂದ ಬಂದ ವರಮಾನ ಒಂದು ಕಡೆ, ಊಟ, ಬಟ್ಟೆ, ಇತರೆ ಮಾರಾಟದಿಂದ ಬಂದ ವರಮಾನ ಇನ್ನೊಂದು ಕಡೆ ಇರುತ್ತದೆ. ಬಂದವನೊಬ್ಬ ಒಳಗೆ ಎಷ್ಟು ಖರ್ಚು ಮಾಡುತ್ತಾನೆಂದು ಪಾರ್ಕಿನವರು ಬೇರೆಯೇ ಲೆಕ್ಕ ಇಡುತ್ತಾರೆ. ಹೋಗುವವರೂ ಹಾಗೆಯೇ ಎರಡು ಲೆಕ್ಕ ಇಡಬೇಕು. ಮೊದಲ ಸಲ ಆಕೆಯ ವಹಿಯಲ್ಲಿ ಆ ಎರಡನೇ ಪುಟವೇ ಇರಲಿಲ್ಲ.

ಇನ್ನು ಚೌಕಟ್ಟಿನ ಗೆರೆಗಳ ವಿಷಯ. ಆಗ ಮಗಳಿಗೆ ಹನ್ನೊಂದು ವರ್ಷ, ಆರನೇ ಈಯತ್ತೆ. ಬಸ್ಸಿನಲ್ಲಿ ಅರ್ಧ ಟಿಕೆಟ್ ವಯಸ್ಸಿನ ಮೇಲೆ, ಹಾಗಾಗಿ ಇಲ್ಲೂ ವಯಸ್ಸೇ ಕೇಳುತ್ತಾರೆಂದು ಮನೆಯವರು ನಂಬಿದ್ದರು. ಕೌಂಟರಿನಲ್ಲಿ ಹುಡುಗಿಯನ್ನು ಅಳತೆಯ ಕಂಬಕ್ಕೆ ನಿಲ್ಲಿಸಿದರು. 141. ದೊಡ್ಡವರ ಟಿಕೆಟ್ಟೇ ಬಿತ್ತು. ಹೆಚ್ಚಾದ 600 ರೂಪಾಯಿಯಲ್ಲಿ ಅದೂ ಇದೆ. ವಂಡರ್‌ಲಾದಲ್ಲೂ ಎತ್ತರದ್ದೇ ಲೆಕ್ಕ: 85 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ, 140ರವರೆಗೆ ಮಕ್ಕಳ ದರ, ಅದನ್ನು ದಾಟಿದರೆ ದೊಡ್ಡವರ ದರ. ಕೆಲವು ದೊಡ್ಡ ಆಟಗಳಿಗೂ ಇಂತಿಷ್ಟು ಎತ್ತರ ಇರಲೇಬೇಕು. ಹೊರಡುವ ಮುಂಚೆ ಮನೆಯಲ್ಲೇ ಅಳೆದರೆ ಟಿಕೆಟ್ಟಿನ ಲೆಕ್ಕ ಸರಿಯಾಗುತ್ತದೆ, ಯಾವ ಆಟಕ್ಕೆ ಬಿಡುವುದಿಲ್ಲವೆಂದು ಮಗುವಿಗೂ ಮೊದಲೇ ಹೇಳಬಹುದು. ಇನ್ನೂರು ಕಿಲೋಮೀಟರ್ ಹೋಗಿ ಸರದಿಯ ತುದಿಯಲ್ಲಿ "ನೀನು ಬ್ಯಾಡ" ಅನಿಸಿಕೊಂಡ ಮಗುವಿನ ಮುಖ ಆಕೆ ನೋಡಿದ್ದಾಳೆ.

ಟಿಕೆಟ್ಟಿನ ತೆರಿಗೆಯೂ ಸಣ್ಣದಲ್ಲ. ಮನರಂಜನಾ ಪಾರ್ಕುಗಳ ಪ್ರವೇಶಕ್ಕೆ 2017ರ ಜುಲೈಯಲ್ಲಿ ಶೇ 28 ಜಿಎಸ್‌ಟಿ ಇತ್ತು, 2018ರ ಜನವರಿಯಿಂದ ಶೇ 18ಕ್ಕೆ ಇಳಿಯಿತು. ಸಾವಿರ ರೂಪಾಯಿಯ ದರ ಕಟ್ಟುವಾಗ 1,180 ಆಗುತ್ತದೆ. ಕಾಣುವ ದರ ತೆರಿಗೆ ಸೇರಿದ್ದೋ ಸೇರದ್ದೋ ಎಂದು ಮೊದಲು ನೋಡಬೇಕು, ಐದು ಜನರ ಮನೆಗೆ ಅದೇ ಒಬ್ಬರ ಟಿಕೆಟ್ಟಿನಷ್ಟು ವ್ಯತ್ಯಾಸ.

ದಾರಿಯ ವಿಚಾರಕ್ಕೆ ಬಂದರೆ, ರಾಯಚೂರು, ಮಾನ್ವಿ, ದೇವದುರ್ಗದ ಕಡೆಯವರಿಗೆ ಹೈದರಾಬಾದೇ ಹತ್ತಿರ. ರಾಯಚೂರಿನಿಂದ ಸುಮಾರು 200 ಕಿ.ಮೀ., ಬೆಂಗಳೂರು ಅದರ ಇಮ್ಮಡಿ. ಮಕ್ತಲ್, ಮಹಬೂಬನಗರ ದಾಟಿ ಜಡಚರ್ಲದಲ್ಲಿ ದೊಡ್ಡ ಹೆದ್ದಾರಿ ಹಿಡಿದು, ಶಂಶಾಬಾದಿನ ಹತ್ತಿರ ಹೊರವರ್ತುಲ ರಸ್ತೆ ಏರಿದರೆ ರಾವಿರಾಲಕ್ಕೆ ನಗರದ ಒಳಗೆ ಹೋಗುವ ಕೆಲಸವೇ ಇಲ್ಲ. ರೈಲೂ ಇದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹೊಸ ಮಾರ್ಗ ಉದ್ಘಾಟನೆಯಾಗಿ ರಾಯಚೂರು–ಕಾಚಿಗುಡ ರೈಲು ಶುರುವಾಯಿತು. ಆದರೆ ಪಾರ್ಕು ತೆರೆಯುವುದು ಬೆಳಗ್ಗೆ 11ರ ಸುಮಾರಿಗೆ, ಮುಚ್ಚುವುದು ಸಂಜೆ. ರೈಲಿನ ವೇಳೆ ಇದಕ್ಕೆ ಹೊಂದದಿದ್ದರೆ ಒಂದು ರಾತ್ರಿ ಲಾಡ್ಜಿನ ಬಾಡಿಗೆ ಬೀಳುತ್ತದೆ, ಆಗ ಅದು ಒಂದು ದಿನದ ಪ್ರವಾಸವಾಗಿ ಉಳಿಯುವುದಿಲ್ಲ.

ಬಸ್ಸಿನ ವಿಷಯದಲ್ಲಿ ಹೆಣ್ಣುಮಕ್ಕಳು ಮೋಸ ಹೋಗಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಯಚೂರಿನವರೆಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ. ತೆಲಂಗಾಣದಲ್ಲೂ 2023ರ ಡಿಸೆಂಬರ್ 9ರಿಂದ ಹೆಂಗಸರಿಗೆ ಬಸ್ಸು ಉಚಿತ ಎಂದು ಕೇಳಿ, ನಮಗೂ ಉಂಟು ಎಂದು ಹೊರಟವರಿದ್ದಾರೆ. ಆ ಮಹಾಲಕ್ಷ್ಮಿ ಯೋಜನೆ ತೆಲಂಗಾಣದ ನಿವಾಸಿಗಳಿಗೆ ಮಾತ್ರ. ಕರ್ನಾಟಕದ ಆಧಾರ್ ಕಾರ್ಡಿಗೆ ಅಲ್ಲಿ ಟಿಕೆಟ್ ತೆಗೆಸಲೇಬೇಕು. ಕೃಷ್ಣೆ ದಾಟಿ ಹೋಗುವ ಪ್ರವಾಸಕ್ಕೆ ಬಸ್ಸಿನ ಚಾರ್ಜನ್ನೂ ಬರೆದುಕೊಳ್ಳಬೇಕು.

ಗಾಡಿ ಮಾಡಿಕೊಂಡು ಹೋಗುವವರಿಗೆ ಈಕೆ ಒತ್ತಿ ಹೇಳುವ ಮಾತು ಒಂದಿದೆ. ಊರಲ್ಲಿ ಬಿಳಿ ಬೋರ್ಡಿನ ಗಾಡಿ ಸಾವಿರ ರೂಪಾಯಿ ಕಡಿಮೆಗೆ ಸಿಗುತ್ತದೆ. ಬಾಡಿಗೆಗೆ ಓಡಿಸಲು ಅದಕ್ಕೆ ಪರವಾನಗಿ ಇರುವುದಿಲ್ಲ. ಅಪಘಾತವಾದರೆ, ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಓಡಿಸಿದ್ದೀರಿ ಎಂದು ವಿಮೆ ಕಂಪನಿ ತಕರಾರು ತೆಗೆಯಬಹುದು. ಹಳದಿ ಬೋರ್ಡಿನ ಗಾಡಿ, ತೆಲಂಗಾಣಕ್ಕೆ ಪರ್ಮಿಟ್ ಕಟ್ಟಿದ್ದು, ಫಾಸ್ಟ್ಯಾಗ್‌ನಲ್ಲಿ ದುಡ್ಡು ಇರುವಂಥದ್ದು. ಈ ಮೂರನ್ನು ನೋಡಿಯೇ ಮುಂಗಡ ಕೊಡಬೇಕು. ಹನ್ನೊಂದು ಜೀವಗಳ ಮುಂದೆ ಸಾವಿರ ರೂಪಾಯಿಯ ಉಳಿತಾಯ ಏನೂ ಅಲ್ಲ.

ಎರಡನೇ ಪ್ರವಾಸ 2024ರ ಅಕ್ಟೋಬರ್‌ನ ಒಂದು ಬುಧವಾರ, ಬೇರೊಂದು ಪಾರ್ಕಿಗೆ. ಅದೂ ಕಂಡು ಕೇಳದ ಜಾಗವೇ. ಆದರೆ ಈ ಸಲ ದಿನವನ್ನು ಹುಡುಕಿ ಆರಿಸಿದ್ದರು. ಆ ವರ್ಷ ಕರ್ನಾಟಕದ ಶಾಲೆಗಳಿಗೆ ದಸರಾ ರಜೆ 20ರವರೆಗೆ ಇತ್ತು, ತೆಲಂಗಾಣದ ಶಾಲೆಗಳು ಆ ವಾರ ತೆರೆದಿದ್ದವು. ವಾರದ ನಡುವಿನ ದಿನವಾದ್ದರಿಂದ ಟಿಕೆಟ್ ದರ ಭಾನುವಾರಕ್ಕಿಂತ ಕಡಿಮೆ, ಸರದಿಯೂ ಸಣ್ಣದು. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ಇನ್ನೂ ಜೋರಾಗಿರಲಿಲ್ಲ. ಮೊದಲ ಸಲ ಒಂದು ಗಂಟೆಗೆ ಮುಟ್ಟಿ, ಭಾನುವಾರದ ಜನದಲ್ಲಿ ನಿಂತು, ಮಕ್ಕಳು ಆಡಿದ್ದು ಐದೇ ಆಟ. ಈ ಸಲ ನಸುಕಿನ ನಾಲ್ಕಕ್ಕೆ ಊರು ಬಿಟ್ಟು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದರು, ಹದಿನೇಳು ಆಟ ಆಡಿದರು. ಇಡೀ ದಿನದ ಟಿಕೆಟ್ ಕೊಂಡವರಿಗೆ ತಡವಾದ ಪ್ರತಿ ಗಂಟೆಯೂ ದುಡ್ಡೇ.

ಟಿಕೆಟ್ಟನ್ನು ಪಾರ್ಕಿನ ಸ್ವಂತ ಜಾಲತಾಣದಲ್ಲೇ ಎರಡು ವಾರ ಮೊದಲು ತೆಗೆಸಿದ್ದಳು, ತಾರೀಖು ಬದಲಿಸುವ ನಿಯಮ ಓದಿಕೊಂಡು. ವಾಟ್ಸ್ಆ್ಯಪಿನಲ್ಲಿ ಅರ್ಧ ಬೆಲೆಯ ಟಿಕೆಟ್ ಎಂದು ಬರುವ ಕೊಂಡಿಗಳನ್ನು ಮುಟ್ಟಲೇಬಾರದು. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು.

ಬಟ್ಟೆಯ ಪಾಠ ಹೊಲಿಗೆಯಾಕೆಗೆ ಚೆನ್ನಾಗಿ ನಾಟಿತ್ತು. ನೀರಿನ ಆಟಗಳಿಗೆ ಹತ್ತಿ ಬಟ್ಟೆ, ಸೀರೆ, ಜೀನ್ಸ್ ನಡೆಯುವುದಿಲ್ಲ, ನೈಲಾನ್ ಬಟ್ಟೆಯೇ ಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜಾರುವ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆ ಬಿಟ್ಟರೆ ನೀರು ಸೋಸುವ ಯಂತ್ರಕ್ಕೆ ಹೋಗುತ್ತದೆ. ನಿಯಮ ಸರಿಯಾದದ್ದೇ. ಅದನ್ನು ಮೊದಲೇ ತಿಳಿದಿದ್ದರೆ 1,650 ರೂಪಾಯಿ ಅಲ್ಲಿ ಕೊಡಬೇಕಾಗಿರಲಿಲ್ಲ. ಈ ಸಲ ದೊಡ್ಡವರಿಗೆ ಹಳೆಯವೇ ಆದವು, ಬೆಳೆದ ಇಬ್ಬರು ಮಕ್ಕಳಿಗೆ ರಾಯಚೂರಿನಲ್ಲಿ 600ಕ್ಕೆ ಬಂದವು.

ಊಟಕ್ಕೆ ಅತ್ತೆಯ ಬುತ್ತಿ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಪುಂಡಿಪಲ್ಯ. ಹೊರಗಿನ ತಿನಿಸು ಪಾರ್ಕಿನ ಒಳಗೆ ಬಿಡುವುದಿಲ್ಲ, ಅದಕ್ಕೇ ಹತ್ತೂವರೆಗೆ ಗಾಡಿಯ ಬದಿಗೆ ಜಮಖಾನ ಹಾಸಿ ಹೊಟ್ಟೆ ತುಂಬ ಉಂಡರು, ಸಂಜೆ ಹೊರಗೆ ಬಂದ ಮೇಲೆ ಉಳಿದದ್ದನ್ನು ಉಂಡರು. ಒಳಗೆ ಖರ್ಚಾದದ್ದು 900. ಇಬ್ಬರು ಮಕ್ಕಳ ಕೈಗೂ ಇನ್ನೂರಿನ್ನೂರು ಕೊಟ್ಟು, ಏನು ಬೇಕಾದರೂ ಕೊಳ್ಳಿ, ಮತ್ತೆ ಕೇಳಬೇಡಿ ಎಂದಿದ್ದಳು. ಮಗ ಒಂದೂವರೆ ಗಂಟೆಯಲ್ಲಿ ಮುಗಿಸಿದ. ಮಗಳು ನೂರಾ ಎಪ್ಪತ್ತು ತಿರುಗಿ ತಂದಳು.

ಅತ್ತೆಯನ್ನು ಕರೆದೊಯ್ಯಬೇಕೋ ಬೇಡವೋ ಎಂಬ ಮಾತು ಎರಡು ಸಲವೂ ಬಂತು. ರಕ್ತದೊತ್ತಡ ಇರುವವರು ದೊಡ್ಡ ಆಟ ಏರುವಂತಿಲ್ಲ, ಟಿಕೆಟ್ ಮಾತ್ರ ಬೇಕೇ ಬೇಕು. ಬರೀ ರೂಪಾಯಿ ನೋಡಿದರೆ ಅದು ನಷ್ಟ. ಈಕೆಯ ತೀರ್ಮಾನ ಬೇರೆ. ಎಪ್ಪತ್ತರ ಹೊಸ್ತಿಲಲ್ಲಿರುವ, ಆಯುಷ್ಯವೆಲ್ಲ ಕಳೆ ತೆಗೆದು ಹತ್ತಿ ಬಿಡಿಸಿದ ಮುದುಕಿ ಅಲೆಯ ಕೊಳದ ಅಂಚಿನಲ್ಲಿ ಮೊಳಕಾಲವರೆಗೆ ಸೀರೆ ಎತ್ತಿ ಹಿಡಿದು ಮೊಮ್ಮಗನ ಕೂಗಿಗೆ ನಕ್ಕದ್ದನ್ನು ಯಾವ ಕಾಲಂನಲ್ಲಿ ಬರೆಯುವುದು? ಆ ಟಿಕೆಟ್ಟನ್ನು ಆಕೆ ಮೊದಲ ಸಾಲಿನಲ್ಲೇ ಬರೆದಳು.

ಎರಡನೇ ಸಲದ ಮೊತ್ತ 11,400. ಟಿಕೆಟ್ 5,200, ಟೋಲು, ಪರ್ಮಿಟ್ ಸೇರಿ ಗಾಡಿಯ ಪಾಲು 4,000, ಬಟ್ಟೆ 600, ಊಟ 900, ಲಾಕರ್ 300, ಮಕ್ಕಳ ಕೈಗೆ 400. ಹಣ 2023ರ ಡಿಸೆಂಬರಿನಿಂದ ತಿಂಗಳಿಗೆ 1,200ರಂತೆ ಹತ್ತು ತಿಂಗಳು ಕೂಡಿಟ್ಟದ್ದು, ಒಟ್ಟು 12,000. ಅಂಚೆ ಕಚೇರಿಯ ಆರ್‌ಡಿ ಇದಕ್ಕೆ ಒಗ್ಗುವುದಿಲ್ಲ. ಅದು ಐದು ವರ್ಷದ್ದು, ಮೂರು ವರ್ಷಕ್ಕೆ ಮುಂಚೆ ಮುರಿಸಲೂ ಬಾರದು. ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು, ಅದಕ್ಕೆ ಫೋನ್‌ಪೇ ಜೋಡಿಸದೆ ಬಿಟ್ಟಳು. ಭತ್ತದ ದುಡ್ಡು ಬರುವುದು ವರ್ಷಕ್ಕೆ ಎರಡು ಸಲ, ಬಂದ ದಿನವೇ ಗೊಬ್ಬರದ ಅಂಗಡಿ, ಟ್ರ್ಯಾಕ್ಟರಿನ ಬಾಡಿಗೆ ಬಾಗಿಲಲ್ಲಿ ನಿಂತಿರುತ್ತವೆ. ಅದಕ್ಕೇ ಪ್ರವಾಸದ ಹಣ ಹೊಲಿಗೆ ಯಂತ್ರದಿಂದಲೇ ಬರಬೇಕೆಂದು ಆಕೆ ಹಟ ಹಿಡಿದಿದ್ದಳು.

ಹೋದ ವರ್ಷ ರವಿಕೆ ಕೊಡಲು ಬಂದ ಓಣಿಯ ಹೆಣ್ಣುಮಗಳೊಬ್ಬಳು ಫೋಟೊ ನೋಡಿ, "ಅಕ್ಕಾ, ಒಬ್ಬರಿಗೆ ಎಷ್ಟ್ ಬಿತ್ತು?" ಎಂದಳು. ಭಾಗಿಸಿದರೆ 2,280. ಆಕೆ ಕೂಲಿಗೆ ಹೋಗುವವಳು. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಅಂದರೆ ಒಬ್ಬರಿಗೆ ಆರು ದಿನದ ದುಡಿಮೆ, ಆಕೆಯ ನಾಲ್ಕು ಜನರ ಮನೆಗೆ ಹೆಚ್ಚುಕಡಿಮೆ ಒಂದು ತಿಂಗಳಿನದು. ಅಷ್ಟು ಖರ್ಚು ಮಾಡು ಎನ್ನಲು ಬಾಯಿ ಬರಲಿಲ್ಲ. ಇಬ್ಬರೂ ಕೂತು ಆಲಮಟ್ಟಿಯ ಲೆಕ್ಕ ಹಾಕಿದರು. ಅದು ಕರ್ನಾಟಕದ ಒಳಗೇ ಇದೆ, ಹೋಗಿಬರುವ ದಾರಿಯುದ್ದಕ್ಕೂ ತಾಯಿ ಮಗಳಿಗೆ ಶಕ್ತಿ ಯೋಜನೆ ನಡೆಯುತ್ತದೆ. ರಾಕ್ ಗಾರ್ಡನ್, ಸಂಗೀತ ಕಾರಂಜಿ ಇವೆ, ಬುತ್ತಿ ಒಯ್ಯಬಹುದು. ಆ ಮನೆಯವರು ಮಾಗಿಯಲ್ಲಿ ಹೋಗಿಬಂದರು. ಈಗ ಆಕೆ ಹೈದರಾಬಾದಿಗೆಂದು ವಾರಕ್ಕೆ ನೂರು ರೂಪಾಯಿ ತಂದು ಇಲ್ಲೇ ಒಂದು ಡಬ್ಬಿಗೆ ಹಾಕುತ್ತಾಳೆ, ಮನೆಯಲ್ಲಿಟ್ಟರೆ ಉಳಿಯುವುದಿಲ್ಲವೆಂದು.

ಹಾಗೆ ಡಬ್ಬಿಗೆ ಹಾಕಲು ಬಂದ ಒಂದು ಭಾನುವಾರ ಆಕೆಯ ಸಣ್ಣ ಮಗಳನ್ನೂ ಚೌಕಟ್ಟಿಗೆ ನಿಲ್ಲಿಸಿ ಅಳೆದರು. 118. ಪಕ್ಕದಲ್ಲೇ ಅಂಕಣಗಾರ್ತಿಯ ಮಗನ ಗೀಟು 134ಕ್ಕೆ ಬಂದಿದೆ. ಮೇಲಿನ ಗೆರೆಗೆ ಇನ್ನು ಆರು ಸೆಂಟಿಮೀಟರ್.