‘ಲಾಕ್’ ಪದದ ಅರ್ಥ ತಿಳಿಯುವ ಬಗೆ

‘ಹರ್ ಲಾಕ್ಸ್ ವರ್ ವೆಟ್’ ಎಂಬುದನ್ನು ‘ಅವಳ ಬೀಗಗಳು ಒದ್ದೆಯಾಗಿದ್ದವು’ ಎಂದು ಬರೆದ ಮಕ್ಕಳನ್ನು ಗದರಬೇಡಿ. ಲಾಕ್ ಎಂದರೆ ಬೀಗ ಎಂದಷ್ಟೇ ನಾವು ಕಲಿಸಿರುತ್ತೇವೆ. ಇಲ್ಲಿ ಒದ್ದೆಯಾದದ್ದು ಕೂದಲು. ಹಳೆಯ ಇಂಗ್ಲಿಷಿನಲ್ಲಿ ಬೀಗಕ್ಕೂ ಕೂದಲ ಎಳೆಗೂ ಬೇರೆ ಬೇರೆ ಪದಗಳಿದ್ದವು. ಕಾಲಕ್ರಮದಲ್ಲಿ ಎರಡೂ ಒಂದೇ ರೂಪಕ್ಕೆ ಬಂದವು. ನಮ್ಮಲ್ಲೂ ಬಾಗಿಲಿಗೆ ಹಾಕುವುದು ಬೀಗ, ಮಗಳನ್ನು ಕೊಟ್ಟ ಮನೆಯ ಹಿರಿಯರು ಬೀಗರು. ಯಾರೂ ಗೊಂದಲಪಡುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಮಾತು ಅರ್ಥ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲೂ ಅದನ್ನೇ ಮಾಡಬೇಕು.

ಮೊದಲು ಅದು ವಸ್ತುವೋ ಕೆಲಸವೋ ನೋಡಿ. ವಸ್ತುವಾದರೆ ಎಲ್ಲಿದೆ ಎಂದು ಕೇಳಿಕೊಳ್ಳಿ. ಕಾಲುವೆಯಲ್ಲಿದ್ದರೆ ಅದು ನೀರು ತುಂಬಿ ಹಡಗನ್ನು ಮೇಲೇರಿಸುವ ಕಟ್ಟೆ. ಪನಾಮಾ ಕಾಲುವೆಯ ಲಾಕ್‌ಗಳು ಹಡಗುಗಳನ್ನು ಸುಮಾರು 26 ಮೀಟರ್ ಎತ್ತುತ್ತವೆ. ಕೆಲಸವಾದರೆ ‘ಕ್ಲೋಸ್’ ಜೊತೆ ಬೆರೆಸಬೇಡಿ. ‘ಕ್ಲೋಸ್ ದ ಡೋರ್’ ಅಂದರೆ ಬಾಗಿಲು ಮುಚ್ಚು, ‘ಲಾಕ್ ದ ಡೋರ್’ ಅಂದರೆ ಬೀಗ ಹಾಕು. ಚಿಲಕ ಹಾಕುವುದಕ್ಕೆ ‘ಬೋಲ್ಟ್’ ಇದೆ.

ಆಮೇಲೆ ಅದರ ಬೆನ್ನಿಗಿರುವ ಪುಟ್ಟ ಪದ ಗಮನಿಸಿ. ಪೊಲೀಸ್ ಠಾಣೆಯ ಲಾಕಪ್ ಎಲ್ಲರಿಗೂ ಗೊತ್ತು. ‘ಲಾಕ್ ಇನ್’ ಬ್ಯಾಂಕಿನಲ್ಲಿ ಸಿಗುತ್ತದೆ: ತೆರಿಗೆ ಉಳಿಸುವ ನಿಶ್ಚಿತ ಠೇವಣಿಯ ಹಣವನ್ನು 5 ವರ್ಷ ಮುಟ್ಟುವಂತಿಲ್ಲ. ಹೆಚ್ಚು ಎಡವುವುದು ‘ಲಾಕೌಟ್’ನಲ್ಲಿ. ಕಾರ್ಮಿಕರು ಕೆಲಸ ನಿಲ್ಲಿಸಿದರೆ ಮುಷ್ಕರ. ಮಾಲೀಕರೇ ಕಾರ್ಖಾನೆ ಮುಚ್ಚಿ ಕಾರ್ಮಿಕರನ್ನು ಹೊರಗಿಟ್ಟರೆ ಲಾಕೌಟ್, ಅಂದರೆ ಬೀಗಮುದ್ರೆ. ಒಂದರ ಬದಲು ಇನ್ನೊಂದು ಬರೆದರೆ ಹೊಣೆಯೇ ತಿರುಗುಮುರುಗಾಗುತ್ತದೆ. ‘ಲಾಕ್‌ಡೌನ್’ ಅನ್ನು 2020ರ ಮಾರ್ಚ್ ನಮಗೆ ಕಲಿಸಿತು.

ಇನ್ನು ನುಡಿಗಟ್ಟು. ಇಲ್ಲಿ ಪದ ಬಿಡಿಸಿ ಅನುವಾದಿಸಿದರೆ ಕೆಟ್ಟಿತು. ‘ಲಾಕ್, ಸ್ಟಾಕ್ ಅಂಡ್ ಬ್ಯಾರಲ್’ನಲ್ಲಿ ಬೀಗವೂ ಇಲ್ಲ, ಪೀಪಾಯಿಯೂ ಇಲ್ಲ. ಇದು ಹಳೆಯ ಕೋವಿಯ ಮಾತು. ಲಾಕ್ ಎಂದರೆ ಮದ್ದಿಗೆ ಕಿಡಿ ಹೊತ್ತಿಸುವ ಯಂತ್ರ, ಸ್ಟಾಕ್ ಮರದ ಹಿಡಿ, ಬ್ಯಾರಲ್ ನಳಿಗೆ. ಮೂರೂ ಸೇರಿದರೆ ಇಡೀ ಕೋವಿ. ಹಾಗಾಗಿ ‘ಒಂದೂ ಬಿಡದೆ, ಸಾರಾಸಗಟಾಗಿ’ ಎಂಬ ಅರ್ಥ. ಊರು ಬಿಟ್ಟವರ ಮಾತಾದರೆ ‘ಗಂಟುಮೂಟೆ ಸಮೇತ’ ಎನ್ನಿ, ಚೆನ್ನಾಗಿ ಹೊಂದುತ್ತದೆ. ‘ಲಾಕ್ ಹಾರ್ನ್ಸ್’ ಕೊಂಬಿಗೆ ಕೊಂಬು ಸಿಕ್ಕಿಸಿ ಕಾದಾಡುವ ಪ್ರಾಣಿಗಳಿಂದ ಬಂದದ್ದು. ಜಿದ್ದಿಗೆ ಬೀಳುವುದು ಎಂದರೆ ಸಾಕು. ‘ಲಾಕ್‌ಜಾ’ ಧನುರ್ವಾಯುವಿನ ಹಳೆಯ ಹೆಸರು, ದವಡೆ ಬಿಗಿದುಕೊಳ್ಳುವುದರಿಂದ.

ಕೊನೆಯದಾಗಿ ‘ವೆಡ್‌ಲಾಕ್’. ಮದುವೆಯ ಬೀಗ ಎಂದು ಅರ್ಥ ಕಟ್ಟಬೇಡಿ. ಹಳೆಯ ಇಂಗ್ಲಿಷಿನಲ್ಲಿ ‘ವೆಡ್’ ಎಂದರೆ ಕೊಟ್ಟ ಮಾತು. ‘ಲಾಕ್’ ಆಗಿ ಉಳಿದಿರುವುದು ಬೀಗಕ್ಕೆ ಸಂಬಂಧವೇ ಇಲ್ಲದ ಒಂದು ಪ್ರತ್ಯಯ.

ಇಂದಿನಿಂದ ಈ ಪದ ಎಲ್ಲಿ ಕಂಡರೂ ಒಂಟಿಯಾಗಿ ಬರೆದುಕೊಳ್ಳಬೇಡಿ. ಇಡೀ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ನಿಮ್ಮ ಮನೆಮಾತಿನ ಕನ್ನಡದಲ್ಲಿ ಅರ್ಥ ಬರೆಯಿರಿ.