ಎರೆ ಹೊಲಕ್ಕೆ ಹಳೆ ಜೀಪು: ಫೋರ್ ವೀಲ್ ಕಲಿಯುವವರಿಗೆ

ಹಳೆ ಮಹೀಂದ್ರ ಜೀಪು ನೋಡಲು ಹೋದವರು ಮೊದಲು ಕೇಳುವುದು ಎಂಜಿನ್ ಎಷ್ಟು ಹಾರ್ಸ್‌ಪವರ್ ಎಂದು. ಈ ಗಾಡಿಯ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಎಂಜಿನ್ನಿನ ಬಲ ಯಾವ ಚಕ್ರಗಳಿಗೆ, ಎಷ್ಟು ನಿಧಾನವಾಗಿ ಮುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಇಲ್ಲಿ ಬಹುಕಾಲ ಓಡಿದ ಮಾದರಿ ಸಿಜೆ-3ಬಿ. ವಿಲ್ಲೀಸ್ ಇದನ್ನು 1953ರಲ್ಲಿ ಹೊರತಂದಿತ್ತು. ಎತ್ತರದ ಬಾನೆಟ್ ಇದರ ಗುರುತು. 2.2 ಲೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಬಿಡುವ ವಾಲ್ವು ಮೇಲೆ ಹೆಡ್ಡಿನಲ್ಲಿದೆ, ಹೊಗೆ ಹೊರಹಾಕುವ ವಾಲ್ವು ಕೆಳಗೆ ಬ್ಲಾಕಿನಲ್ಲಿದೆ. ಇದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಏರಿಸಬೇಕಾಯಿತು. ವೀಲ್‌ಬೇಸ್ 80 ಇಂಚು ಮಾತ್ರ, ಹಾಗಾಗಿ ಹೊಲದ ಬದು ದಾಟುವಾಗ ಗಾಡಿಯ ತಳ ತಾಗುವುದು ಕಡಿಮೆ. 1980ರ ದಶಕದಲ್ಲಿ ಬಂದ ಎಂಎಂ 540 ಇದಕ್ಕಿಂತ ಉದ್ದ: ವೀಲ್‌ಬೇಸ್ 91 ಇಂಚು, ಎಂಜಿನ್ ಪ್ಯೂಜೋ ಡೀಸೆಲ್.

ಈಗ ಸಿಜೆ-3ಬಿಯ ಗೇರ್ ಲಿವರಿನ ಪಕ್ಕ ನೋಡಿ. ಅಲ್ಲಿ ಇನ್ನೆರಡು ಚಿಕ್ಕ ಲಿವರುಗಳಿವೆ. ಒಂದನ್ನು ಹಾಕಿದರೆ ಹಿಂದಿನ ಚಕ್ರಗಳ ಜೊತೆ ಮುಂದಿನವಕ್ಕೂ ಬಲ ಬರುತ್ತದೆ. ಇನ್ನೊಂದರಲ್ಲಿ ಹೈ, ನ್ಯೂಟ್ರಲ್, ಲೋ ಇವೆ. ಮುಂದಿನ ಚಕ್ರಗಳನ್ನು ಜೋಡಿಸಿದ ಮೇಲೆಯೇ ಲೋ ಹಾಕಲು ಬರುತ್ತದೆ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿಯೇ ಹಾಕಿ.

ಲೋ ಏನು ಮಾಡುತ್ತದೆ? ಒಂದು ಲೆಕ್ಕ ಮಾಡೋಣ. ಮೂಲ ವಿಲ್ಲೀಸ್ ವಿನ್ಯಾಸದಲ್ಲಿ ಮೊದಲ ಗೇರಿನ ಅನುಪಾತ ಸುಮಾರು 2.8, ಲೋದ್ದು 2.46, ಆಕ್ಸಲ್ಲಿನದು 5.38. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1000 ಸುತ್ತಿನಲ್ಲಿದ್ದರೆ ಜೀಪಿನ ವೇಗ ಗಂಟೆಗೆ ಮೂರೂವರೆ ಕಿ.ಮೀ. ಆಸುಪಾಸು, ಮನುಷ್ಯ ನಡೆಯುವಷ್ಟು. ವೇಗ ಇಳಿದಷ್ಟೂ ಚಕ್ರದ ಎಳೆತ ಏರುತ್ತದೆ. ಮುದಗಲ್ ಕಡೆಯ ಕಲ್ಲುಹಾದಿಯಲ್ಲಿ ಈ ನಿಧಾನವೇ ನಿಮ್ಮನ್ನು ದಾಟಿಸುತ್ತದೆ.

ಹಾಗೆಂದು ಫೋರ್ ವೀಲನ್ನು ಸದಾ ಹಾಕಿಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಈ ಜೀಪಿನ ನಡುವೆ ಇಲ್ಲ. ರಾಡಿಯಲ್ಲಿ ಟೈರು ಕೊಂಚ ಜಾರುವುದರಿಂದ ಒತ್ತಡ ಇಳಿಯುತ್ತದೆ. ಒಣ ಡಾಂಬರಿನಲ್ಲಿ ಜಾರದು. ಸ್ಟೀರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಗೇರುಗಳು ನಲುಗುತ್ತವೆ. ಆದ್ದರಿಂದ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೆದ್ದಾರಿ 150ಎಯಲ್ಲಿ ಹೋಗುವಾಗ ಎರಡೇ ಚಕ್ರದ ಬಲ ಸಾಕು. ಕಾಲುವೆ ದಂಡೆಗೋ ಹಸಿ ಹೊಲಕ್ಕೋ ಇಳಿಯುವ ಮುನ್ನ ನಾಲ್ಕು ಹಾಕಿ. ಹುಗಿದ ಮೇಲೆ ಹಾಕುವುದು ತಡವಾದೀತು.

ಎರೆ ಮಣ್ಣಿನ ಸ್ವಭಾವವನ್ನೂ ಅರಿತಿರಿ. ನೀರು ಕುಡಿದ ಎರೆ ಉಬ್ಬಿ, ಟೈರಿನ ಹಲ್ಲುಗಳಲ್ಲಿ ಮೆತ್ತಿಕೊಂಡು ಅದನ್ನು ನುಣುಪಾಗಿಸುತ್ತದೆ. ಮೇಲಾಗಿ ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಹಿಡಿತ ಕಳೆದುಕೊಂಡ ಚಕ್ರವೇ ಗಿರ್ರನೆ ಸುತ್ತುತ್ತದೆ. ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ನಾಲ್ಕು ಚಕ್ರದ ಗಾಡಿಯೂ ನಿಲ್ಲುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಕಾಲು ತೆಗೆಯಿರಿ, ಮಣ್ಣು ಬಗೆದು ಚಕ್ರದ ಕೆಳಗೆ ಕಲ್ಲೋ ಕಟ್ಟಿಗೆಯೋ ಕೊಡಿ.

ಕೊಳ್ಳುವಾಗ ಬಗ್ಗಿ ಮುಂದಿನ ಆಕ್ಸಲ್ ನೋಡಿ. ಅದರಲ್ಲಿ ಡಿಫರೆನ್ಷಿಯಲ್ಲಿನ ಉಬ್ಬು, ಅದಕ್ಕೆ ಬಂದು ಸೇರುವ ಪ್ರೊಪೆಲ್ಲರ್ ಶಾಫ್ಟು ಎರಡೂ ಇರಬೇಕು. ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಚಕ್ರದ ಜೀಪುಗಳೂ ಇವೆ. ಬಳಿಕ ಮೆತ್ತನೆಯ ನೆಲದಲ್ಲಿ ಎರಡೂ ಲಿವರ್ ಹಾಕಿಸಿ, ಓಡಿಸಿ ನೋಡಿ. ಬಣ್ಣ, ಸೀಟು, ಹುಡ್ಡುಗಳ ಚೌಕಾಶಿ ಅದಾದ ಮೇಲೆ.